ಜೂನ್ ಒಂದರಂದು ಹುಟ್ಟಿದವರು

ನಮ್ಮ ಮನೆತನದ ಮೂವರು ಸೊಸೆಯರ ಹತ್ತಿರ ಮೂರು ಫೋನ್ ವಹಿಗಳಿದ್ದವು. ಒಂದು ಧಾರವಾಡದ ದೊಡ್ಡ ಕಾಕುವಿನ ಹತ್ತಿರ, ಒಂದು ಸೋಲಾಪುರದ ಸಣ್ಣ ಕಾಕುವಿನ ಹತ್ತಿರ, ಮೂರನೆಯದು ಪುಣೆಯಲ್ಲಿ ನಮ್ಮವ್ವನ ಹತ್ತಿರ. ಯಾರು ಮನೆ ಬದಲಿಸಿದರೂ, ಯಾರಿಗೆ ಹೊಸ ಫೋನ್ ಬಂದರೂ, ಸುದ್ದಿ ಮೊದಲು ಮುಟ್ಟಿದವರು ತಮ್ಮ ವಹಿಯಲ್ಲಿ ಬರೆದುಕೊಳ್ಳುವರು. ಯಾರ ವಹಿ ಅಸಲಿ, ಯಾರದು ನಕಲು ಎಂಬ ಮಾತೇ ಇರಲಿಲ್ಲ. ಮದುವೆ, ಮುಂಜಿವೆಗಳಲ್ಲಿ ಊಟ ಮುಗಿದ ಮೇಲೆ ಮೂವರೂ ಒಂದು ಮೂಲೆ ಹಿಡಿದು ಕೂತು, ವಹಿ ತೆರೆದು ತಾಳೆ ನೋಡುವರು. ಒಬ್ಬರು ಓದುವುದು, ಇನ್ನಿಬ್ಬರು ತಿದ್ದುವುದು. ನಾನು ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದೆ. ಅರ್ಧ ನಿದ್ದೆಯಲ್ಲಿ ಹೆಸರುಗಳು, ಅಂಕಿಗಳು ತಲೆಯ ಮೇಲಿಂದ ಹಾದುಹೋಗುತ್ತಿದ್ದವು. ಯಾವುದೋ ಒಂದು ಪುಟ ಬಂದಾಗ ಮಾತ್ರ ಮೂವರೂ ಕಿಸಕ್ಕನೆ ನಗುವರು. ಯಾಕೆಂದು ಕೇಳುವಷ್ಟರಲ್ಲಿ ನನಗೆ ಪೂರ್ತಿ ನಿದ್ದೆ ಹತ್ತಿರುತ್ತಿತ್ತು.

ಮೂವತ್ತು ವರ್ಷಗಳ ನಂತರ ನಾನು ಅದೇ ಕೆಲಸವನ್ನು ಸಂಬಳಕ್ಕೆ ಮಾಡುತ್ತಿದ್ದೇನೆ. ಪುಣೆಯ ಮಗರಪಟ್ಟಾದ ಒಂದು ಗಾಜಿನ ಕಟ್ಟಡದ ಆರನೇ ಮಹಡಿಯಲ್ಲಿ ನಮ್ಮ ಸಣ್ಣ ಕಂಪನಿ ಇದೆ. ಡೈರೆಕ್ಟರಿ ಸರ್ವರ್ ಮಾಡುತ್ತೇವೆ. ಹೆಸರು ದೊಡ್ಡದು, ಸಂಗತಿ ಫೋನ್ ವಹಿಯದೇ: ಯಾರು ಯಾರು, ಯಾರಿಗೆ ಯಾವ ಬಾಗಿಲು ತೆರೆಯಬೇಕು, ಯಾರು ಯಾರಿಗೆ ಏನಾಗಬೇಕು ಎಂದು ಬರೆದಿಟ್ಟುಕೊಂಡು, ಕೇಳಿದ ಕೂಡಲೇ ಹೇಳುವ ಯಂತ್ರ. ಕಳೆದ ವರ್ಷ ಕಟ್ಟಡ ಕಟ್ಟುವ ಕಂಪನಿಯೊಂದು ನಮ್ಮ ಹತ್ತಿರ ಬಂತು. ಅವರ ಕೆಲಸ ಮೂರು ಕಡೆ ನಡೆದಿತ್ತು. ಮಗರಪಟ್ಟಾದ ಆಚೆ, ಜೇಜುರಿಯಲ್ಲಿ, ಬಾರಾಮತಿಯಲ್ಲಿ. ಕೂಲಿಗೆ ಬಂದವರಲ್ಲಿ ಬಹಳ ಜನ ಯಾದಗಿರಿ, ಕಲಬುರಗಿ ಕಡೆಯವರು. ಗೇಟಿನಲ್ಲಿ ಬೆರಳೊತ್ತಿದರೆ ಪರದೆಯ ಮೇಲೆ ಅವರ ಮುಖ ಬರಬೇಕು, ಬಾಗಿಲು ತೆರೆಯಬೇಕು. ಅವರ ಮಕ್ಕಳಿಗೆ ಅಲ್ಲೇ ಬಾಲವಾಡಿಯಿತ್ತು, ಮಕ್ಕಳ ಹೆಸರೂ ತಾಯಿಯ ಹೆಸರಿನ ಕೆಳಗೆ ಇರಬೇಕು.

ಒಂದೇ ಊರಿನಲ್ಲಿ ಒಂದೇ ಸರ್ವರ್ ಇಟ್ಟರೆ ಕೆಲಸ ಸರಳ. ಆದರೆ ನಮ್ಮ ಕಡೆ ರಸ್ತೆ ಅಗೆಯುವವರು ವಾರಕ್ಕೊಮ್ಮೆಯಾದರೂ ಲೈನ್ ಕತ್ತರಿಸುತ್ತಾರೆ, ಆಗ ಉಳಿದೆರಡು ಗೇಟುಗಳು ಕುರುಡಾಗುತ್ತವೆ. ಅದಕ್ಕೇ ಮೂರು ಕಡೆ ಮೂರು ಸರ್ವರ್ ಇಟ್ಟೆವು. ಮೂರೂ ಯಜಮಾನರೇ. ಯಾರು ಬೇಕಾದರೂ ಬರೆಯಬಹುದು, ಆಮೇಲೆ ಉಳಿದವರಿಗೆ ಹೇಳಬೇಕು. ಕಷ್ಟ ಇರುವುದು ಇಲ್ಲೇ. ಲೈನ್ ಇಲ್ಲದಾಗ ಜೇಜುರಿಯಲ್ಲಿ ಒಂದು ಬರೆದು ಬಾರಾಮತಿಯಲ್ಲಿ ಇನ್ನೊಂದು ಬರೆದರೆ, ಲೈನ್ ಬಂದ ಮೇಲೆ ಯಾರ ಮಾತು ಉಳಿಯಬೇಕು? ಇಬ್ಬರೂ ಸುಳ್ಳು ಹೇಳಿರುವುದಿಲ್ಲ. ತಮಗೆ ಕಂಡದ್ದನ್ನು ಬರೆದಿರುತ್ತಾರೆ, ಅಷ್ಟೇ.

ಅದಕ್ಕೆ ನಿಯಮ ಬೇಕು. ನಿಯಮ ಬರೆದವಳು ನಾನು. ಹೆಸರು, ಅಡ್ಡಹೆಸರು, ಊರು, ಹುಟ್ಟಿದ ದಿನ ಒಂದೇ ಆಗಿದ್ದರೆ ಎರಡು ನೋಂದಣಿಗಳು ಒಬ್ಬರದೇ ಎಂದು ತಿಳಿಯತಕ್ಕದ್ದು. ಒಬ್ಬರ ಬಗ್ಗೆ ಎರಡು ಮಾತು ಬಂದರೆ ಕೊನೆಗೆ ಬರೆದದ್ದು ನಿಲ್ಲತಕ್ಕದ್ದು. ಮಗುವನ್ನು ತಾಯಿಗೆ ಜೋಡಿಸುವ ಅಧಿಕಾರ ನಮ್ಮ ಆಫೀಸಿಗೆ ಮಾತ್ರ. ತೆಗೆಯುವುದನ್ನು ಗೇಟಿನವರೂ ಮಾಡಬಹುದು, ಏಕೆಂದರೆ ಅನುಮಾನ ಬಂದಾಗ ತೆಗೆಯುವುದೇ ಸುರಕ್ಷಿತ. ನಮ್ಮ ಹಿರಿಯ ಮಾರ್ತಾಂಡ ಸರ್, ಬೆಳಗಾವಿಯವರು, ಓದಿ ನೋಡಿ “ಭಾಳ ಛಲೋ ಬರದೀರಿ ಅಂಬಾ” ಅಂದರು. ನನಗೂ ಹಾಗೇ ಅನ್ನಿಸಿತ್ತು. ತಪ್ಪು ನನ್ನದು ಎಂದು ಮೊದಲೇ ಹೇಳಿಬಿಡುತ್ತೇನೆ. ಕಡೆಗೆ ಹೇಳಿದರೆ ಜನ ಪೂರ್ತಿ ನಂಬುವುದಿಲ್ಲ.

ಗೇಟು ಮಾತಾಡುತ್ತದೆ ಕೂಡ. ಓದಲು ಬಾರದವರಿಗಾಗಿ ಮರಾಠಿಯಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ ಹತ್ತಾರು ವಾಕ್ಯಗಳನ್ನು ರೆಕಾರ್ಡ್ ಮಾಡಿದ್ದೆವು. ಕನ್ನಡದ ದನಿ ನನ್ನದು. ಮಾರ್ತಾಂಡ ಸರ್ ಪುಸ್ತಕದ ಭಾಷೆ ಬೇಡ ಅಂದಿದ್ದರಿಂದ ಮನೆಯ ಮಾತಿನಲ್ಲೇ ಹೇಳಿದ್ದೆ. ಬಾಲವಾಡಿಯಲ್ಲಿ ಮಗು ಬಿಟ್ಟುಹೋದ ತಾಯಿ ಯಾವ ಗೇಟಿನಲ್ಲಿ ಬೆರಳೊತ್ತಿದರೂ ಪರದೆಯ ಮೇಲೆ ಮಗುವಿನ ಹೆಸರು ಬರುತ್ತದೆ, ನನ್ನ ದನಿ ಹೇಳುತ್ತದೆ: “ನಿಮ್ಮ ಮಗು ಬಾಲವಾಡ್ಯಾಗ ಆರಾಮ ಅದ.”

ಜೇಜುರಿಯ ಬಾಲವಾಡಿ ನೋಡಿಕೊಳ್ಳುವವಳು ಭಾಮಾ, ಸಾಸವಡದ ಹೆಂಗಸು. ಒಮ್ಮೆ ಯಾರದೋ ಮಾವ ಯಾರಿಗೂ ಹೇಳದೆ ಮಗುವನ್ನು ಕರೆದುಕೊಂಡು ಹೋಗಿ ದೊಡ್ಡ ಗಲಾಟೆಯಾಗಿತ್ತು. ಆಮೇಲೆ ಆ ಕಟ್ಟಡ ಕಂಪನಿ ಒಂದು ಕಟ್ಟುನಿಟ್ಟು ಮಾಡಿತು: ಸಂಜೆ ಆರಕ್ಕೆ ಡೈರೆಕ್ಟರಿಯಲ್ಲಿ ತಂದೆ ತಾಯಿ ಇಲ್ಲದ ಮಗು ಉಳಿದಿದ್ದರೆ ಅದನ್ನು ಮಕ್ಕಳ ಆಶ್ರಮದ ಗಾಡಿಗೆ ಒಪ್ಪಿಸಬೇಕು. ತರಬೇತಿ ಕೊಡಲು ಹೋದಾಗ ನಾನು ಭಾಮಾಗೆ ಮರಾಠಿಯಲ್ಲಿ ಹೇಳಿದ್ದೆ, ಮುಖ ನೋಡಿ ಮಗು ಕೊಡಬೇಡ, ಪರದೆ ನೋಡಿ ಕೊಡು ಎಂದು. ಪಾಪ, ಅವಳು ಅದನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದುಕೊಂಡಿದ್ದಳು.

ಮಾರ್ಚ್ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಹನ್ನೆರಡೂವರೆಗೆ ಅವಳ ಫೋನ್ ಬಂತು. ಭೀಮವ್ವ ಎಂಬ ಹೆಂಗಸು ಸೋಮವಾರವಷ್ಟೇ ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ. ಮಂಗಳವಾರದಿಂದ ದಿನವೂ ಅವಳ ಬೆರಳು ಹತ್ತುವುದಿಲ್ಲ, ಪರದೆಯಲ್ಲಿ ಬರುವ ಮುಖವೂ ತುಸು ಬೇರೆಯೇ ಕಾಣುತ್ತದೆ. ದಿನವೂ ಹೊಸದಾಗಿ ಮುಖ, ಬೆರಳು ತೆಗೆದುಕೊಂಡು ಮಗುವನ್ನು ಕೊಟ್ಟು ಕಳಿಸಿದ್ದಾಯಿತು. ಇವತ್ತು ಮಾತ್ರ ಅವಳ ಮಗು ಕಲ್ಲವ್ವನಿಗೆ ತಾಯಿಯೇ ಇಲ್ಲ ಎಂದು ಪರದೆ ಹೇಳುತ್ತಿದೆ.

ನಾನು ಆಫೀಸಿನಲ್ಲೇ ಕೂತು ಕಲ್ಲವ್ವನನ್ನು ಭೀಮವ್ವನಿಗೆ ಜೋಡಿಸಿದೆ. ಎರಡು ನಿಮಿಷದ ಕೆಲಸ. “ಆಯಿತು, ಇಷ್ಟಕ್ಕೆಲ್ಲ ಗಾಬರಿ ಯಾಕೆ” ಎಂದು ಭಾಮಾಗೆ ಬುದ್ಧಿಯನ್ನೂ ಹೇಳಿದೆ. ಒಂದು ಗಂಟೆಗೆ ಅವಳ ಫೋನ್ ಮತ್ತೆ ಬಂತು. ಹಾಲು ಕುಡಿಸಲು ಭೀಮವ್ವ ಬರುವಷ್ಟರಲ್ಲಿ ಮಗುವಿಗೆ ಮತ್ತೆ ತಾಯಿಯಿಲ್ಲ.

“ಜೇಜುರಿ ಮಷೀನ್ ಕೆಟ್ಟದ ಅನಸ್ತದ,” ಅಂದರು ಮಾರ್ತಾಂಡ ಸರ್. “ಹೋಗಿ ಕಣ್ಲೆ ನೋಡಿ ಬರ್ರಿ. ಆರರೊಳಗ ಮುಗಸ್ರಿ. ಆ ಗಾಡಿ ಒಮ್ಮೆ ಕೂಸಿನ್ನ ಒಯ್ದರ ಕಾಗದಾ-ಪತ್ರ ಅಂತ ತಿರಿಗಿ ತರೂದು ತಿಂಗಳಾಗ್ತದ.”

ಟ್ಯಾಕ್ಸಿ ಹಡಪಸರದ ಗದ್ದಲ ದಾಟಿ ದಿವೇಘಾಟ್ ಏರತೊಡಗಿದಾಗ ಕಣ್ಣು ಎಳೆಯತೊಡಗಿತು. ಮಾರ್ಚ್ ಬಿಸಿಲಿಗೆ ಬೆಟ್ಟ, ಕೆಳಗಿನ ಕೆರೆ, ಎದುರಿನ ಲಾರಿಗಳು ಎಲ್ಲವೂ ತೆಳ್ಳಗಾಗಿ ಅಲುಗಾಡುತ್ತಿದ್ದವು. ನಾನು ಯಾವಾಗ ನಿದ್ದೆಗೆ ಜಾರಿದೆನೋ ತಿಳಿಯಲಿಲ್ಲ. ಘಾಟಿನ ತಿರುವಿನಲ್ಲಿ ಒಂದು ಜಮಖಾನೆ ಹಾಸಿತ್ತು. ಅದರ ಮೇಲೆ ಕಾಕುಗಳಿಬ್ಬರೂ ನಮ್ಮವ್ವನೂ ವಹಿ ತೆರೆದು ಕೂತಿದ್ದರು. ಲಾರಿಗಳು ಅವರನ್ನು ಬಳಸಿಕೊಂಡು ಸದ್ದಿಲ್ಲದೆ ಹೋಗುತ್ತಿದ್ದವು. ದೊಡ್ಡ ಕಾಕು ಹೆಸರು ಓದುತ್ತಿದ್ದಳು, ಬೇರೆಯವರು ಹೂಂಗುಟ್ಟುತ್ತಿದ್ದರು. ಆ ಪುಟ ಬಂತು. ಮೂವರೂ ನಕ್ಕರು. ನಾನು ಬಗ್ಗಿ ನೋಡಿದೆ. ಹಾಳೆಯ ಮೇಲೆ ಅಕ್ಷರಗಳಿದ್ದವು, ಓದಲು ಮಾತ್ರ ಬರುತ್ತಿರಲಿಲ್ಲ. “ಏನದು, ಹೇಳ್ರಿ” ಅಂತ ಸಿಟ್ಟಿನಿಂದ ಕೇಳಿದೆ. ಅವ್ವ ನನ್ನ ಹಣೆ ಸವರಿ, “ನಿಂದೇ ಪುಟ ಅಲ್ಲೇನ” ಅಂದಳು.

ಎಚ್ಚರಾದಾಗ ಜೇಜುರಿ ಬಂದಿತ್ತು. ಮೂರೂವರೆ. ಗುಡ್ಡದ ಗುಡಿಯಿಂದ ಇಳಿದು ಬಂದ ಭಕ್ತರ ಹಣೆ, ಅಂಗಿ, ಬಸ್ಸಿನ ಕಿಟಕಿ ಎಲ್ಲಾ ಭಂಡಾರದ ಅರಿಶಿನದಿಂದ ಹಳದಿಯಾಗಿದ್ದವು. ಕನಸು ಯಾವುದು ಬಿಟ್ಟಿತು, ಯಾವುದು ಉಳಿಯಿತು ಎಂದು ಒಂದು ಕ್ಷಣ ಗೊತ್ತಾಗಲಿಲ್ಲ.

ಬಾಲವಾಡಿ ಎಂದರೆ ತಗಡಿನ ಚಾವಣಿಯ ಉದ್ದ ಕೋಣೆ. ಹೊರಗೆ ಸಿಮೆಂಟ್ ದಿಮ್ಮಿಯ ಮೇಲೆ ಭೀಮವ್ವ ಕೂತಿದ್ದಳು. ಮೂವತ್ತರೊಳಗಿನ ಹೆಂಗಸು, ತೊಡೆಯ ಮೇಲೆ ಹಳದಿ ಹೆಲ್ಮೆಟ್ಟು, ಎರಡೂ ಕೈಯಿಂದ ಸೆರಗನ್ನು ಎದೆಗೆ ಒತ್ತಿ ಹಿಡಿದಿದ್ದಳು. ಮಧ್ಯಾಹ್ನ ಹಾಲು ಕುಡಿಸುವ ಹೊತ್ತು ದಾಟಿಹೋಗಿತ್ತು. ಕಿಟಕಿಯ ಸರಳಿನಿಂದ ಪುಟ್ಟ ಕೈಯೊಂದು ಹೊರಬಂದು ಗಾಳಿಯಲ್ಲಿ ಬೆರಳು ಬಿಚ್ಚುತ್ತ ಮುಚ್ಚುತ್ತ ಇತ್ತು. ಒಂದೂವರೆ ವರ್ಷದ ಕಲ್ಲವ್ವ ಅತ್ತು ಅತ್ತು ದನಿ ಬಿದ್ದುಹೋಗಿ ಈಗ ಬರೀ ಬಿಕ್ಕುತ್ತಿದ್ದಳು.

“ಮೀ ಕಾಯ್ ಕರೂ ಮ್ಯಾಡಮ್?” ಎಂದು ಭಾಮಾ ನನ್ನ ಮೇಲೆ ಹರಿಹಾಯ್ದಳು. ಅವಳ ಕಣ್ಣೂ ಕೆಂಪಾಗಿತ್ತು. ನಾನೇನು ಮಾಡಲಿ, ಈಕೆಯೇ ತಾಯಿ ಎಂದು ನನಗೆ ಗೊತ್ತು, ನಾಲ್ಕು ದಿನದಿಂದ ನೋಡುತ್ತಿದ್ದೇನೆ. ಆದರೆ ಸಾಹೇಬರಿಗೆ ಫೋನ್ ಮಾಡಿದರೆ ಪರದೆ ಹೇಳಿದ ಹಾಗೆ ಮಾಡು ಅನ್ನುತ್ತಾರೆ, ನೀವೂ ಅದನ್ನೇ ಹೇಳಿದ್ದಿರಿ ಎಂದಳು. ಗೋಡೆಯ ಮೇಲೆ ನನ್ನ ಮಾತು ಸೀಮೆಸುಣ್ಣದಲ್ಲಿ ಹಾಗೇ ಇತ್ತು.

ಭೀಮವ್ವ ಜಗಳವಾಡಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ನಾ ಆಕಿ ಅವ್ವ ಅಲ್ಲಂತ ಪರದಿ ಹೇಳ್ತದಂತ. ಅದಕ್ಕ ಎಲ್ಲಾ ಗೊತ್ತಿರ್ತದಂತಲ್ರೀ. ಖರೇನ ಅಲ್ಲೇನ್ರೀ ನಾ?”

ನಾನು ಲ್ಯಾಪ್‌ಟಾಪ್ ತೆರೆದೆ.

ಮಷೀನು ಕೆಟ್ಟಿರಲಿಲ್ಲ. ನಮ್ಮ ಡೈರೆಕ್ಟರಿ ಹಳೆಯ ಬರಹವನ್ನು ಅಳಿಸುವುದಿಲ್ಲ, ಅಡಿಯಲ್ಲಿ ಇಟ್ಟುಕೊಂಡಿರುತ್ತದೆ. ಭೀಮವ್ವನ ಹೆಸರಿನಡಿ ನಾಲ್ಕು ದಿನದಲ್ಲಿ ಏಳು ಸಲ ಮುಖ ಬದಲಾಗಿತ್ತು. ಒಂದೊಂದಾಗಿ ತಿರುವಿದೆ. ಅದೇ ಮೂಗು, ಅದೇ ಗದ್ದ, ಅದೇ ಹಣೆಯ ಹಚ್ಚೆ. ಒಂದು ಚಿತ್ರದಲ್ಲಿ ಮೂಗುತಿ ಎಡಕ್ಕೆ, ಮರುಚಿತ್ರದಲ್ಲಿ ಬಲಕ್ಕೆ. ಕ್ಯಾಮೆರಾ ಚಿತ್ರವನ್ನು ತಿರುವುಮುರುವು ತೆಗೆದಿದೆ ಅಂದುಕೊಂಡೆ. ಮತ್ತೆ ತಿರುವಿದೆ. ಎಡ, ಬಲ, ಎಡ, ಬಲ. ಹೆಂಗಸೊಬ್ಬಳು ಕನ್ನಡಿಯೊಳಗೆ ಹೋಗಿ ಹೊರಗೆ ಬಂದು ಮಾಡುತ್ತಿದ್ದಳು. ಆಮೇಲೆ ಪ್ರತಿ ಬರಹದ ಪಕ್ಕದ ಸಣ್ಣ ಗುರುತು ಕಣ್ಣಿಗೆ ಬಿತ್ತು. ಎಡ ಮೂಗುತಿಯವೆಲ್ಲ ಜೇಜುರಿಯಲ್ಲಿ ಬರೆದವು, ಬಲ ಮೂಗುತಿಯವೆಲ್ಲ ಬಾರಾಮತಿಯಲ್ಲಿ. ಇವತ್ತು ಹನ್ನೆರಡಕ್ಕೆ ಮಗುವನ್ನು ತೆಗೆದದ್ದೂ ಬಾರಾಮತಿಯ ಗೇಟು. ಒಂದು ಗಂಟೆಗೆ ಮತ್ತೆ ತೆಗೆದದ್ದೂ ಅದೇ.

ಎದುರಿಗೆ ನಿಂತವಳ ಮೂಗುತಿ ಎಡಕ್ಕಿತ್ತು.

“ಬಾರಾಮತ್ಯಾಗ ನಿಮ್ಮವರು ಯಾರರ ಅದಾರೇನು?” ಎಂದು ಕೇಳಿದೆ.

“ನಮ್ಮ ದೊಡ್ಡಪ್ಪನ ಮಗಳು ಅದಾಳ್ರೀ. ಸೋಮಾರನೇ ಇಬ್ರೂ ಕೂಡಿ ರೈಲಿಳಿದ್ವಿ. ಆಕಿ ಆ ಕಡಿ ಹೋದ್ಲು, ನಾ ಈ ಕಡಿ ಬಂದೆ.”

“ಆಕಿ ಹೆಸರೇನು?”

“ಭೀಮವ್ವ,” ಅಂದಳು, ಬೇರೆ ಹೆಸರು ಯಾಕಿರುತ್ತದೆ ಅನ್ನುವ ಹಾಗೆ. “ನಮ್ಮಜ್ಜಿ ಸತ್ತ ವರ್ಷ ಹುಟ್ಟೀವ್ರೀ ಇಬ್ರೂ. ಆಕಿ ಎಂಟು ದಿನ ದೊಡ್ಡಾಕಿ. ಇಬ್ರಿಗೂ ಅಜ್ಜಿ ಹೆಸರೇ ಇಟ್ಟಾರ. ಕಾಗದದಾಗ ಇಬ್ರದೂ ಇನ್ನೂ ತವರಮನಿ ಅಡ್ಡಹೆಸರೇ ಅದ.”

“ಎಂಟು ದಿನ ದೊಡ್ಡಾಕಿ ಅಂದರ ಹುಟ್ಟಿದ ದಿನ ಬ್ಯಾರೆ ಇರಬೇಕಲ್ಲ?”

“ಅದು ಸಾಲ್ಯಾಗ ಮಾಸ್ತರ ಬರ್ಕೊಂಡಾರ್ರೀ, ಜೂನ್ ಒಂದು ಅಂತ. ನಮ್ಮೂರಾಗ ಎಲ್ಲಾರೂ ಜೂನ್ ಒಂದಕ್ಕೇ ಹುಟ್ಟೀವಿ.” ಅಷ್ಟು ದುಃಖದಲ್ಲೂ ಅವಳಿಗೆ ಸಣ್ಣ ನಗು ಬಂತು.

ಸೋಮವಾರ ಬೆಳಿಗ್ಗೆ ಲೈನ್ ಇರಲಿಲ್ಲ. ಇಬ್ಬರು ಭೀಮವ್ವರು ಎರಡು ಗೇಟಿನಲ್ಲಿ ಹೆಸರು ಬರೆಸಿದರು. ಹೆಸರು ಒಂದೇ, ಅಡ್ಡಹೆಸರು ಒಂದೇ, ಊರು ಒಂದೇ, ಜೂನ್ ಒಂದೂ ಒಂದೇ. ಸಂಜೆ ಲೈನ್ ಬಂದಾಗ ಸರ್ವರ್‌ಗಳು ನನ್ನ ನಿಯಮದಂತೆ ಇಬ್ಬರನ್ನೂ ಕೂಡಿಸಿ ಒಬ್ಬಳನ್ನಾಗಿ ಮಾಡಿದವು. ಆಮೇಲೆ ಈ ಗೇಟು ತನ್ನ ಭೀಮವ್ವನನ್ನು ಸರಿಮಾಡಿದಾಗಲೆಲ್ಲ ಆ ಗೇಟಿನವಳು ಕೆಟ್ಟಳು, ಆ ಗೇಟು ಸರಿಮಾಡಿದಾಗಲೆಲ್ಲ ಈಕೆ ಕೆಟ್ಟಳು.

ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ ಲ್ಯಾಪ್‌ಟಾಪನ್ನು ಸಿಮೆಂಟ್ ದಿಮ್ಮಿಗೆ ಅಪ್ಪಳಿಸಬೇಕು ಅನ್ನಿಸಿತು. ಇದು ಯಾವ ಪರದೇಶದವರಿಗಾದರೂ ತಿಳಿಯದೆ ಹೋಗಬಹುದಿತ್ತು, ನನಗಲ್ಲ. ನಮ್ಮಜ್ಜಿ ಅಂಬಾಬಾಯಿ ತೀರಿಕೊಂಡ ಮೇಲೆ ಮೂರು ಮನೆಯಲ್ಲೂ ಹುಟ್ಟಿದ ಮೊದಲ ಹುಡುಗಿಗೆ ಅಂಬಾ ಎಂದೇ ಹೆಸರಿಟ್ಟರು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ತರುವಂತಿಲ್ಲ, ಆ ಹೆಸರು ಹಿಡಿದು ಕೂಸನ್ನು ಬೈಯುವಂತೆಯೂ ಇಲ್ಲ. ಹಾಗಾಗಿ ಧಾರವಾಡದ ಅಂಬಾ ಮನೆಯಲ್ಲಿ ಬೆಕ್ಕು, ಸೋಲಾಪುರದ ಅಂಬಾ ಬುಗುರಿ, ನಾನು ಗುಬ್ಬಿ. ಮದುವೆಮನೆಯ ಮೂಲೆಯಲ್ಲಿ ಮೂವರೂ ನಗುತ್ತಿದ್ದ ಪುಟ ಈಗ ನನಗೆ ಚೊಕ್ಕವಾಗಿ ಕಂಡಿತು. ಮೂರು ವಹಿಗಳಲ್ಲೂ ಅಂಬಾ, ಅಂಬಾ, ಅಂಬಾ ಎಂದು ಬರೆದಿತ್ತು, ಪ್ರತಿ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಬೆಕ್ಕು, ಒಂದು ಬುಗುರಿ, ಒಂದು ಗುಬ್ಬಿ. ನಾಲ್ಕನೇ ಇಯತ್ತೆ ಓದಿದ ಮೂವರು ಹೆಂಗಸರು ಪೆನ್ಸಿಲ್ ತುಂಡಿನಿಂದ ಮಾಡಿದ್ದನ್ನು ನಾನು ಎಂಜಿನಿಯರಿಂಗ್ ಓದಿ ಮರೆತಿದ್ದೆ.

ಮಾರ್ತಾಂಡ ಸರ್‌ಗೆ ಫೋನಿನಲ್ಲಿ ಎಲ್ಲಾ ಹೇಳಿದೆ. “ನನಗರೆ ಎಲ್ಲಿ ಹೊಳೀತು. ನಮ್ಮನ್ಯಾಗೂ ಇಬ್ರು ಮಾರ್ತಾಂಡ ಅದಾರ,” ಅಂದರು. ಆಮೇಲೆ ಕೆಲಸದ ದನಿಗೆ ಬಂದರು. “ನಿಯಮಾನೇ ಬದಲಾಗಬೇಕು. ಆದರ ಮೊದಲು ಮೂರೂ ಸರ್ವರಿಗೆ ಹೊಸಾ ನಿಯಮ ಮುಟ್ಟಬೇಕು, ಆಮ್ಯಾಲೆ ಇಬ್ರನ್ನ ಬ್ಯಾರೆ ಮಾಡಬೇಕು. ಒಂದಕ್ಕರೆ ಗೊತ್ತಾಗದ ಉಳೀತಂದ್ರ ಅದು ಮತ್ತ ಕೂಡಿಸಿ ಬಿಡ್ತದ. ಅಲ್ಲೀತನಕಾ ಯಾವ ಗೇಟಿನ್ಯಾಗೂ ಯಾರೂ ಏನೂ ಬರೀಬಾರ್ದು. ಬೆರಳೊತ್ತಿದರೂ ಅದೊಂದು ಬರಹನೇ.”

ಇದನ್ನೆಲ್ಲ ಬಿಡಿಸಿ ನೋಡುವಷ್ಟರಲ್ಲಿ ಐದು ದಾಟಿತ್ತು. ಜೇಜುರಿಯ ಗೇಟಿಗೆ ಭಾಮಾ ಓಡಿಹೋಗಿ ಹೇಳಿ ಬಂದಳು. ಮಗರಪಟ್ಟಾದ ಕಡೆಯದನ್ನು ಮಾರ್ತಾಂಡ ಸರ್ ನಿಲ್ಲಿಸಿದರು. ಬಾರಾಮತಿಯ ಗೇಟಿನ ಫೋನನ್ನು ಮಾತ್ರ ಯಾರೂ ಎತ್ತಲಿಲ್ಲ. ಐದೂವರೆಗೆ ಅಲ್ಲಿ ಪಾಳಿ ಬಿಡುತ್ತದೆ, ಮುನ್ನೂರು ಜನ ಬೆರಳೊತ್ತಿ ಹೊರಗೆ ಹೋಗುತ್ತಾರೆ.

“ನಿಮ್ಮಕ್ಕಗ ಫೋನ್ ಹಚ್ರಿ,” ಎಂದೆ ಭೀಮವ್ವನಿಗೆ.

ಮೂರನೇ ಸಲಕ್ಕೆ ಅತ್ತ ಕಡೆಯಿಂದ ದನಿ ಬಂತು. “ಕೆಂಪಿ, ನಾ ಸಣ್ಣಿ,” ಅಂದಳು ಈಕೆ. ಹೀಗೆ ಅವರನ್ನು ಮನೆಯಲ್ಲಿ ಕರೆಯುವ ಹೆಸರುಗಳು ತಿಳಿದವು. ಫೋನನ್ನು ನಾನು ತೆಗೆದುಕೊಂಡೆ. ಎರಡು ಮಾತಾಡಿದ್ದೆ, ಅಷ್ಟರಲ್ಲಿ ಕೆಂಪಿ ತಡೆದಳು.

“ನೀವೇ ಏನ್ರೀ, ಗೇಟಿನ್ಯಾಗ ಮಾತಾಡೋರು?”

ಹೌದು ಎಂದೆ.

“ಮಂಗಳಾರ ಮುಂಜಾನಿ ಮೊದಲನೇ ಸಲ ಕೇಳೀನ್ರೀ. ನಿಮ್ಮ ಮಗು ಬಾಲವಾಡ್ಯಾಗ ಆರಾಮ ಅದ ಅಂದ್ರಿ. ನನಗ ಮದಿವ್ಯಾಗಿ ಹನ್ನೊಂದು ವರ್ಷಾತು, ಮಕ್ಕಳಿಲ್ಲ. ಪರದಿ ಮ್ಯಾಲ ಕಲ್ಲವ್ವ ಅಂತ ಬಂದಿತ್ತು. ಅದು ಸಣ್ಣಿ ಮಗಳ ಹೆಸರು, ನನಗ ಗೊತ್ತಿತ್ತು. ಏನೋ ತಪ್ಪಾಗ್ಯಾದ ಅಂತನೂ ಗೊತ್ತಿತ್ತು. ಆದರೂ ಎರಡು ದಿನ ಯಾರಿಗೂ ಹೇಳ್ಲಿಲ್ಲ. ಮುಂಜಾನಿ ಒತ್ತಿದರ ಹೇಳ್ತಿದ್ರಿ, ಮಧ್ಯಾಹ್ನ ಹೇಳ್ತಿದ್ರಿ, ಸಂಜೀಕ ಹೇಳ್ತಿದ್ರಿ.”

ನನ್ನ ಕೈಯಲ್ಲಿದ್ದ ಫೋನು ಬಿಸಿಯಾಗಿತ್ತು. ಸಣ್ಣಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಇವತ್ತ ಅಂಜಿಕಿ ಬಂತ್ರೀ,” ಎಂದಳು ಕೆಂಪಿ. “ಬಂಜಿ ಆದಾಕಿ ಮಂದಿ ಕೂಸಿನ್ನ ತನ್ನದು ಅನ್ನೂದಂದ್ರ ಕೂಸಿಗೆ ಕಣ್ಣಾಗ್ತದ. ಆಕಿಗೇನರೆ ಆದರ ನಾ ಏನ್ ಮಾಡ್ಲಿ? ಗೇಟಿನವರಿಗೆ ಹೇಳ್ದೆ, ನನಗ ಮಗು ಇಲ್ಲ, ತಗೀರಿ ಅಂತ. ತಗದ್ರು. ಉಂಡು ತಿರಿಗಿ ಬಂದು ಒತ್ತಿದೆ, ನೀವು ಮತ್ತ ಹಂಗೇ ಅಂದ್ರಿ. ಮತ್ತೊಮ್ಮೆ ತಗಸ್ದೆ. ಎರಡನೇ ಸಲ ತಗಸೂದು ಭಾಳ ತ್ರಾಸಾತ್ರೀ.”

ಆ ಎರಡನೇ ಸಲ ನನ್ನಿಂದ ಆದದ್ದು. ಎರಡು ನಿಮಿಷದಲ್ಲಿ ಜೋಡಿಸಿ ಭಾಮಾಗೆ ಬುದ್ಧಿ ಹೇಳಿದ್ದೆನಲ್ಲ, ಅದರಿಂದ. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ. “ತಪ್ಪು ನಂದು ಅವ್ವಾ,” ಎಂದೆ. “ನಿಮ್ಮಿಬ್ಬರನ್ನ ಒಬ್ಬಾಕಿ ಅಂತ ಬರದಾಕಿ ನಾನೇ.” ಆಮೇಲೆ ವಿಷಯ ಹೇಳಿದೆ: ನೀನು ಖರೇ ಹೇಳಿದ್ದಕ್ಕೇ ಕಲ್ಲವ್ವನಿಗೆ ಯಾರೂ ಇಲ್ಲದಂತಾಗಿದೆ, ಆರಕ್ಕೆ ಗಾಡಿ ಬರುತ್ತದೆ, ಅಲ್ಲಿಯವರೆಗೆ ನಿಮ್ಮ ಗೇಟಿನಲ್ಲಿ ಯಾರೂ ಬೆರಳೊತ್ತಬಾರದು.

“ಯಾರೂ ಒತ್ತಬಾರ್ದಾ?”

“ಯಾರೂ.”

ಅವಳು ಫೋನ್ ಇಡದೆ ಹಾಗೇ ಓಡುವ ಸದ್ದು ಕೇಳಿತು.

ಆಮೇಲಿನ ಇಪ್ಪತ್ತು ನಿಮಿಷ ನಾನು ಲ್ಯಾಪ್‌ಟಾಪಿನ ಮುಂದೆ, ಫೋನು ಪಕ್ಕದಲ್ಲಿ. ಫೋನಿನಿಂದ ಬಾರಾಮತಿಯ ಗೇಟು ಕೇಳುತ್ತಿತ್ತು. ಗಂಟೆ ಹೊಡೆಯಿತು. ಚಪ್ಪಲಿಗಳ ಸದ್ದು, ಡಬ್ಬಿಗಳ ಸದ್ದು. ಏ ಸರಿ, ಒತ್ತು ಲಗೂನ ಎಂದು ಯಾರೋ ಅಂದರು. “ತಡೀರಿ,” ಎಂಬ ಕೆಂಪಿಯ ದನಿ. ಅವಳು ಬೆರಳೊತ್ತುವ ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಮುಚ್ಚಿ ನಿಂತಿದ್ದಳಂತೆ. ಮರಾಠಿಯಲ್ಲಿ ಬೈದರು, ಹಿಂದಿಯಲ್ಲಿ ಬೈದರು, ಕನ್ನಡದಲ್ಲಿ ಬಸ್ ತಪ್ತದ ಎಂದು ಬೇಡಿಕೊಂಡರು. “ಒಂದು ಕೂಸು ಒಳಗ ಸಿಕ್ಕದ, ತಡೀರಿ,” ಎಂದು ಅವಳು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಮುನ್ನೂರು ಜನರ ಗದ್ದಲ ನಿಧಾನವಾಗಿ ಗುಜುಗುಜು ಆಯಿತು, ಆಮೇಲೆ ಅದೂ ತಗ್ಗಿತು. ನನ್ನ ಪರದೆಯಲ್ಲಿ ಹೊಸ ನಿಯಮ ಮಗರಪಟ್ಟಾಕ್ಕೆ ಮುಟ್ಟಿತು. ಜೇಜುರಿಗೆ ಮುಟ್ಟಿತು. ಬಾರಾಮತಿಗೆ ಹೊರಟಿತು, ದಾರಿಯಲ್ಲಿತ್ತು, ಇನ್ನೂ ದಾರಿಯಲ್ಲಿತ್ತು. ತಗಡಿನ ಮೇಲೆ ಬಿಸಿಲು ಕಿತ್ತಳೆಯಾಯಿತು. ಆಶ್ರಮದ ಬಿಳಿ ಗಾಡಿ ಹತ್ತು ನಿಮಿಷ ಮೊದಲೇ ಬಂದು ಬೇವಿನ ನೆರಳಿಗೆ ನಿಂತಿತು.

ಬಾರಾಮತಿಗೆ ಮುಟ್ಟಿತು.

ಹೊಸ ನಿಯಮ ದೊಡ್ಡದೇನಲ್ಲ. ಒಂದು ಖಾನೆ ಹೆಚ್ಚಾಗಿತ್ತು: ಮನೆಯಲ್ಲಿ ಕರೆಯುವ ಹೆಸರು. ನಾನು ಒಬ್ಬಳನ್ನು ಬಿಡಿಸಿ ಇಬ್ಬರನ್ನಾಗಿ ಬರೆದೆ. ಭೀಮವ್ವ, ಸಣ್ಣಿ, ಎಡ ಮೂಗುತಿ. ಭೀಮವ್ವ, ಕೆಂಪಿ, ಬಲ ಮೂಗುತಿ. ಕಲ್ಲವ್ವನನ್ನು ಸಣ್ಣಿಯ ಕೆಳಗೆ ಬರೆದೆ. ಸಣ್ಣಿ ಸೀರೆಗೆ ಕೈ ಒರೆಸಿಕೊಂಡು ಬೆರಳೊತ್ತಿದಳು. ಪರದೆಯಲ್ಲಿ ಅವಳ ಮುಖ ಬಂತು. “ನಿಮ್ಮ ಮಗು ಬಾಲವಾಡ್ಯಾಗ ಆರಾಮ ಅದ,” ಎಂದಿತು ನನ್ನ ದನಿ, ಮತ್ತು ಚಿಲಕ ಕಟ್ಟೆಂದು ಬಿಚ್ಚಿತು. ಭಾಮಾ ಕೂಸನ್ನು ಎತ್ತಿ ತಂದು ಅವಳ ಕೈಗೆ ಹಾಕಿ, ಸೀದಾ ಹೋಗಿ ಗೋಡೆಯ ಮೇಲಿದ್ದ ಸೀಮೆಸುಣ್ಣದ ಬರಹವನ್ನು ಸೆರಗಿನಿಂದ ಒರೆಸಿಬಿಟ್ಟಳು. ಗಾಡಿ ತಿರುಗಿ ಹೋಯಿತು.

ಬಾರಾಮತಿಯಲ್ಲಿ ಮುನ್ನೂರು ಜನ ಇನ್ನೂ ಕಾಯುತ್ತಿದ್ದರು.

“ಕೆಂಪವ್ವ, ಇನ್ನ ಒತ್ರಿ,” ಎಂದೆ ಫೋನಿಗೆ. ಆಮೇಲೆ ತಡೆದೆ. “ಒಂದು ನಿಮಿಷ. ನಿಮ್ಮ ಹೆಸರಿನ ಕೆಳಗ ಏನರೆ ಬರೀಲೇನು?”

“ಏನೂ ಬ್ಯಾಡ್ರೀ.”

ಸಣ್ಣಿ ಮಗುವಿಗೆ ಹಾಲು ಕುಡಿಸುತ್ತ ದಿಮ್ಮಿಯ ಮೇಲೆ ಕೂತಿದ್ದಳು. ಕತ್ತೆತ್ತದೆಯೇ ಜೋರಾಗಿ, ಫೋನಿಗೆ ಕೇಳುವಂತೆ ಹೇಳಿದಳು: “ದೊಡ್ಡವ್ವ ಅಂತ ಬರೀರಿ. ಕಣ್ಣಾಗೂದಿಲ್ಲ ಬಿಡಕ್ಕಾ. ಇವತ್ತ ನೀ ನಿಂದ್ರಲಿಲ್ಲಂದ್ರ ಇದೆಲ್ಲಿ ಇರ್ತಿತ್ತು.”

ಬರೆದೆ. ಅತ್ತ ಕಡೆ ಬೆರಳೊತ್ತಿದ ಪೀಂ ಸದ್ದಾಯಿತು. ನಲವತ್ತೈದು ಕಿಲೋಮೀಟರ್ ಆಚೆಯಿಂದ, ಬಸ್ಸಿನ ಹಾರ್ನುಗಳ ನಡುವಿನಿಂದ, ನನ್ನದೇ ದನಿ ಫೋನಿನೊಳಗಿಂದ ನನಗೆ ಕೇಳಿತು. ನಿಮ್ಮ ಮಗು ಬಾಲವಾಡ್ಯಾಗ ಆರಾಮ ಅದ.

ದೊಡ್ಡವ್ವನಿಗೆಂದು ಬೇರೆ ವಾಕ್ಯ ನಮ್ಮಲ್ಲಿ ಇರಲಿಲ್ಲ. ಇದ್ದದ್ದು ಅದೊಂದೇ.

ಮರುವಾರ ಮಾರ್ತಾಂಡ ಸರ್ ಒಂದು ಹಾಳೆ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದರು. ಬಾರಾಮತಿ ಗೇಟಿನಲ್ಲಿ ಒಬ್ಬರು ಪ್ರತಿಸಲವೂ ಎರಡೆರಡು ಬಾರಿ ಬೆರಳೊತ್ತುತ್ತಾರೆ, ಮಷೀನಿನ ದೋಷವೋ ಏನೋ ಎಂದರು. ಹೆಸರು ನೋಡಿದ ಮೇಲೆ ಹಾಳೆ ಮಡಚಿದರು. ಆಮೇಲೆ “ದೊಡ್ಡವ್ವ, ಅಜ್ಜಿ, ಅತ್ತಿ, ಇವರಿಗೆಲ್ಲಾ ‘ನಿಮ್ಮ ಮಗು’ ಅನ್ನೂದು ಸರಿ ಅಲ್ಲಲ್ರಿ ಅಂಬಾ. ‘ನಿಮ್ಮ ಸಂಬಂಧಿಕರ ಮಗು’ ಅಂತ ಒಂದು ಹೊಸಾದು ರೆಕಾರ್ಡ್ ಮಾಡಬೇಕಾಗ್ತದ,” ಅಂದರು.

“ಮಾಡೋಣ್ರಿ ಸರ್,” ಎಂದೆ. “ಸದ್ಯ ಗಂಟಲು ಕೆಟ್ಟದ.”

ಇದು ಮಾರ್ಚಿನ ಮಾತು. ಈಗ ಗಣಪತಿ ಹಬ್ಬ ಬಂತು. ಮಾರ್ತಾಂಡ ಸರ್ ಪ್ರತಿ ಸೋಮವಾರ ನನ್ನ ಗಂಟಲು ಹೇಗಿದೆ ಎಂದು ಕೇಳುತ್ತಾರೆ. ಇನ್ನೂ ಸರಿ ಇಲ್ಲ ಎನ್ನುತ್ತೇನೆ. ಅವರು ಬಿಸಿನೀರು ಕುಡೀರಿ ಎಂದು ಹೇಳಿ ಹೋಗುತ್ತಾರೆ.